ಮೊಣಕಾಲೆತ್ತರದ ಸದ್ದು

ಧಡ್ಡೆಂದದ್ದು ಗೋಡೆಯ ಆಚೆ, ಅದರಲ್ಲಿ ಅನುಮಾನವಿಲ್ಲ, ಏಕೆಂದರೆ ಎಡ ಅಂಗೈಯಲ್ಲಿದ್ದ ಲಿಂಗದ ಮೇಲೆ ಆಗಷ್ಟೇ ಬಿಟ್ಟ ನೀರಿನ ಹನಿ ಒಮ್ಮೆ ನಡುಗಿ ಬದಿಗೆ ಜಾರಿತು — ಜಗದಾಂಬಾ ಅದನ್ನು ಕಣ್ಣಾರೆ ಕಂಡಳು, ನೋಡಬೇಕಾದದ್ದು ಲಿಂಗವನ್ನು, ನೋಡಿದ್ದು ಹನಿಯನ್ನು, ಅರವತ್ತು ದಾಟಿದರೂ ಈ ಚಪಲ ಹೋಗಲಿಲ್ಲ, ಓಂ ನಮಃ ಶಿವಾಯ. ಏನು ಬಿದ್ದಿರಬಹುದು? ಪಾತ್ರೆಯಂತೂ ಅಲ್ಲ, ಪಾತ್ರೆ ಬಿದ್ದರೆ ನೆಲದ ಮೇಲೆ ಗಿರಗಿರ ತಿರುಗಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿಯೇ ಸುಮ್ಮನಾಗುವುದು, ಇದು ಒಂದೇ ಮಾತಾಡಿ ಬಾಯಿ ಮುಚ್ಚಿತು, ಭಾರದ ಸಾಮಾನೇ ಇರಬೇಕು, ಗ್ಯಾಸ್ ಸಿಲಿಂಡರೋ, ಅಕ್ಕಿ ತುಂಬಿದ ಡಬ್ಬವೋ, ಇಲ್ಲ, ಡಬ್ಬವಾದರೆ ಮುಚ್ಚಳದ ಸದ್ದು ಬೇರೆ ಬರಬೇಕಿತ್ತು — ಓಂ ನಮಃ ಶಿವಾಯ — ಏನಾದರೂ ಬೀಳಲಿ, ಅವರ ಮನೆ, ಅವರ ಸಾಮಾನು, ಮಾತು ಬಿಟ್ಟವರ ಮನೆಯಲ್ಲಿ ಏನು ಬಿದ್ದರೆ ಇವಳಿಗೇನು. ಆದರೂ ಇಷ್ಟು ಹೊತ್ತಿಗೆ ಆ ಮನೆಯಲ್ಲಿ ಆರೋಗ್ಯಮ್ಮ ಒಬ್ಬಳೇ, ಮಗ ಕಾರ್ಖಾನೆಯ ಕಾಂಟ್ರಾಕ್ಟ್ ಕೆಲಸಕ್ಕೆ ಹೋದ, ಸೊಸೆ ಮೋನಿಕಾ ಆಸ್ಪತ್ರೆಯ ಡ್ಯೂಟಿಗೆಂದು ಶಿವಮೊಗ್ಗದ ಬಸ್ಸಿಗೆ ಓಡಿದಳು, ಒಂದು ಕೈಯಲ್ಲಿ ಟಿಫನ್ ಡಬ್ಬಿ, ಇನ್ನೊಂದು ಕೈಯಲ್ಲಿ ಬಿಚ್ಚಿದ ಜಡೆ, ಅದನ್ನು ಇವಳು ಕಿಟಕಿಯಿಂದ ನೋಡಿಯೂ ಇದ್ದಾಳೆ, ಮಾತು ಬಿಟ್ಟ ಮಾತ್ರಕ್ಕೆ ಕಿಟಕಿ ಮುಚ್ಚಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮನಸ್ಸು ಲಿಂಗಕ್ಕೆ ಬರಲಿ. ಕಪ್ಪಗೆ, ನುಣ್ಣಗೆ, ನೇರಳೆ ಹಣ್ಣಿಗಿಂತ ತುಸು ದೊಡ್ಡದು, ಇವಳು ತೊಟ್ಟಿಲಲ್ಲಿದ್ದಾಗಲೇ ಗುರುಗಳು ಕಟ್ಟಿದ್ದು, ಅಂದಿನಿಂದ ಮೈ ಬಿಟ್ಟಿಲ್ಲ, ಉಳಿದ ಹೊತ್ತೆಲ್ಲ ಬೆಳ್ಳಿಯ ಕರಡಿಗೆಯೊಳಗೆ ಎದೆಯ ಮೇಲೆ, ಪೂಜೆಯ ಹೊತ್ತು ಅಂಗೈಯ ಮೇಲೆ, ಕೊನೆಗೊಂದು ದಿನ ಇವಳ ಜೊತೆಗೇ ಮಣ್ಣಿಗೆ. ನೆಲಕ್ಕಿಡಬಾರದು, ಇನ್ನೊಬ್ಬರ ಕೈಗೆ ಕೊಡಬಾರದು, ಕಟ್ಟಿಕೊಂಡ ಗಂಡನಿಗೂ ಇಲ್ಲ, ಹೆತ್ತ ಮಗಳಿಗೂ ಇಲ್ಲ — ರಶ್ಮಿ ಅಂಬೆಗಾಲಿಡುತ್ತಿದ್ದಾಗ ಅಜ್ಜಿಯ ಅಂಗೈಯ ಕಡೆಗೆ ಆಸೆಯಿಂದ ಕೈ ಚಾಚಿತು, ಅವ್ವ ಕಣ್ಣು ಕದಲಿಸದೆ ಬಲಗೈಯಿಂದ ಆ ಪುಟ್ಟ ಕೈಗೊಂದು ಪೆಟ್ಟು ಕೊಟ್ಟಳು, ಮಗು ಶಿವಮೊಗ್ಗದ ಹೊಸಮನೆ ಬಡಾವಣೆಯೆಲ್ಲ ಕೇಳುವ ಹಾಗೆ ಅತ್ತಿತು, ಅವ್ವ ಆಗಲೂ ಏಳಲಿಲ್ಲ. ಅವ್ವ ಪೂಜೆಗೆ ಕೂತರೆ ಕೂತಳು, ಹಾಲು ಉಕ್ಕಿದರೆ ಉಕ್ಕಲಿ, ಬಾಗಿಲಲ್ಲಿ ಹೊಸ ಅಳಿಯ ಬಂದು ನಿಂತರೆ ನಿಲ್ಲಲಿ, ಲಿಂಗ ಕರಡಿಗೆ ಸೇರಿ ಶಿವದಾರ ಕೊರಳಿಗೆ ಬೀಳುವ ತನಕ ಮಿಸುಕುವುದಿಲ್ಲ, ಅಂಗೈಲಿ ದೇವ್ರು ಕೂತಿರುವಾಗ ಯಾರ್ ಕರೆದ್ರೂ ಏಳಬಾರ್ದು ಕಣೇ, ದೊಡ್ಡೋರು ಮನೆಗೆ ಬಂದಾಗ ಅವರನ್ನ ಕೂರಿಸಿ ಎದ್ದು ಹೋಗ್ತಾರಾ ಯಾರಾದ್ರೂ, ಎನ್ನುತ್ತಿದ್ದಳು. ಅದು ಸರಿ, ಆದರೆ ಅವ್ವನ ಮನಸ್ಸು ನಿಲ್ಲುತ್ತಿತ್ತೇ? ಕಣ್ಣು ನಿಂತದ್ದಂತೂ ಇವಳು ಬಲ್ಲಳು, ಮನಸ್ಸಿನ ವಿಚಾರ ಕೇಳಲು ಧೈರ್ಯವಾಗಲಿಲ್ಲ, ಈಗ ಕೇಳೋಣವೆಂದರೆ ಅವ್ವ ಇಲ್ಲ. ಇವಳ ಮನಸ್ಸು ಮಾತ್ರ ಸಂತೆಗೆ ಹೋದ ಕರು, ಒಮ್ಮೆ ಹಾಲಿನ ಮೇಲೆ, ಒಮ್ಮೆ ಒಗೆಯದ ಬಟ್ಟೆಯ ಮೇಲೆ, ಈಗ ಯಜಮಾನರ ಮೇಲೆ, ಗಂಗಾಧರಪ್ಪನವರು ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೋಗಿದ್ದಾರೆ, ರಾಗಿಗುಡ್ಡದ ಹತ್ತಿರ ಮಗಳು ಕಟ್ಟಿಸಿದ ಮನೆಗೆ ಗಾಂಧಿ ಬಜಾರ್‌ನಲ್ಲಿ ಪರದೆ ಬಟ್ಟೆ ಆರಿಸಬೇಕಂತೆ, ಬಣ್ಣವೇ ತಿಳಿಯದ ಮನುಷ್ಯ, ಬೂದಿ ಬಣ್ಣದ್ದೇ ತರುತ್ತಾರೆ ನೋಡುತ್ತಿರಿ. ಆ ಪರದೆ ಇವರಿಬ್ಬರಿಗೆಂದೇ ಮೀಸಲಿಟ್ಟ ಕೋಣೆಗೆ, ಸಂಕ್ರಾಂತಿ ಕಳೆದ ಮೇಲೆ ಭದ್ರಾವತಿಯ ಈ ಕ್ವಾರ್ಟರ್ಸ್ ಬಿಟ್ಟು ಅಲ್ಲಿಗೇ, ನಾಲ್ಕು ಕಡೆ ಗೋಡೇನೂ ನಮ್ಮದೇ ಅಮ್ಮ, ಯಾರ ತಂಟೇನೂ ಇಲ್ಲ, ಎಂದಿದ್ದಳು ರಶ್ಮಿ. ತಂಟೆಯೇ ಇಲ್ಲದ ಮನೆಯಲ್ಲಿ ಮನುಷ್ಯರು ಹೊತ್ತು ಹೇಗೆ ಕಳೆಯುತ್ತಾರೋ.

ಟಕ್. ಟಕ್ ಟಕ್. ಇದು ಬೀಳುವ ಸದ್ದಲ್ಲ, ಬಡಿಯುವ ಸದ್ದು, ಅದೂ ಗೋಡೆಗೆ! ನವೆಂಬರ್ ತಿಂಗಳಿಂದ ಮೂಕವಾಗಿದ್ದ ಗೋಡೆ ಬಾಯಿ ಬಿಟ್ಟಿತು ಎಂದು ಇವಳ ಮೈಯೆಲ್ಲ ಕಿವಿಯಾಯಿತು. ಕಾರ್ಖಾನೆಯವರು ಕಟ್ಟಿಸಿದ ಜೋಡಿ ಮನೆ, ನಡುವೆ ಇದೊಂದೇ ಗೋಡೆ, ಈ ಕಡೆ ಇವಳು ಸೊಸೆಯಾಗಿ ಬಂದಳು, ಆ ಕಡೆ ಆರೋಗ್ಯಮ್ಮ ಬಂದಳು, ಕನ್ನಡ ಬಾರದ ಕಾಲದಲ್ಲೇ ಆರೋಗ್ಯಮ್ಮ ಗೋಡೆಯ ಭಾಷೆ ಕಲಿತಳು, ನಲ್ಲಿಯಲ್ಲಿ ನೀರು ಬಂದದ್ದು ಯಾರಿಗೆ ಮೊದಲು ತಿಳಿಯುತ್ತದೋ ಅವರು ಅಡುಗೆಮನೆಯ ಗೋಡೆಗೆ ಸೌಟಿನಿಂದ ಬಡಿಯುವುದು, ಇನ್ನೊಬ್ಬರು ಕೊಡ ಹಿಡಿದು ಓಡುವುದು. ಆದರೆ ನೀರು ನಿನ್ನೆ ಬಂದಿದೆ, ಇವತ್ತು ಬರುವ ದಿನವಲ್ಲ, ಮತ್ತೆ ಇದೇಕೆ? ರಾಜಿಗೋ? ಇಲ್ಲ, ಇನ್ನೊಂದು ಮೊಳೆಯೋ? ಮೊಳೆ ಎಂದ ಕೂಡಲೇ ಮೈ ಉರಿಯುತ್ತದೆ, ಅವರ ಯೇಸುವಿನ ದೊಡ್ಡ ಪಟ, ಹೊಸದಾಗಿ ಕಟ್ಟು ಹಾಕಿಸಿದ್ದು, ಅದನ್ನು ತೂಗುಹಾಕಲು ಮಗ ಡ್ರಿಲ್ ಮಿಷಿನ್ ತಂದು ಕೊರೆದ, ಸರಿಯಾಗಿ ಇವಳು ಪೂಜೆಗೆ ಕೂತ ಹೊತ್ತಿಗೆ, ಸರಿಯಾಗಿ ಇದೇ ಗೋಡೆಗೆ, ಈ ಕಡೆಯ ಗಾರೆ ಸಡಿಲವಾಗಿ ಪುಡಿಪುಡಿ ಉದುರಿ ಅಂಗೈಯ ಲಿಂಗದ ಮೇಲೆ ಬಿತ್ತು. ಪೂಜೆ ಮುಗಿಸಿ ಹಿತ್ತಲಿಗೆ ಹೋಗಿ ಇವಳು ಕೇಳಿದಳು, ನಿಮ್ಮ ದೇವ್ರಿಗೆ ನನ್ನ ದೇವ್ರ ತಲೆ ಮೇಲೇ ಜಾಗ ಬೇಕಿತ್ತಾ ಆರೋಗ್ಯಮ್ಮ. ಅವಳು ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅವಳು ನಕ್ಕುಬಿಟ್ಟಳು, ಅಯ್ಯೋ ಅಕ್ಕ, ವಿಭೂತಿನೂ ಪುಡಿನೇ, ಸುಣ್ಣನೂ ಪುಡಿನೇ, ಬಿಡಿ. ಬಿಡಿಯಂತೆ! ಇವಳು ಬಿಟ್ಟಳು, ಮಾತನ್ನೇ ಬಿಟ್ಟಳು. ಯಜಮಾನರು ಪೇಪರಿನಿಂದ ತಲೆಯೆತ್ತದೆ, ಗೋಡೆ ಕಾರ್ಖಾನೇದು ಮಾರಾಯ್ತಿ, ನಿಂದೂ ಅಲ್ಲ ಅವರದ್ದೂ ಅಲ್ಲ, ಮಾತು ಬಿಡೋದಾದ್ರೆ ಕಾರ್ಖಾನೆ ಜೊತೆ ಬಿಡು, ಎಂದರು. ಅವರಿಗೆಲ್ಲವೂ ತಮಾಷೆ.

ಮಾತು ಬಿಟ್ಟದ್ದರಿಂದ ಇವಳಿಗಾದ ದೊಡ್ಡ ನಷ್ಟ ಭಾನುವಾರದ್ದು, ಯಾರಿಗೂ ಹೇಳಿಕೊಳ್ಳುವಂತಿಲ್ಲ. ಭಾನುವಾರ ಮಧ್ಯಾಹ್ನ ಆರೋಗ್ಯಮ್ಮ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂರುತ್ತಾಳೆ, ದಾಸವಾಳದ ಬೇಲಿಯ ಈಚೆಗೆ ಇವಳು, ನಡುವಿನ ಸಂದಿನಲ್ಲಿ ಅವರೆಕಾಯಿಯ ಮೊರ, ಬಿಡಿಸುತ್ತಾ ಬಿಡಿಸುತ್ತಾ ಇವಳು ಕೇಳುವುದು, ಇವತ್ತು ನಿಮ್ಮ ಫಾದರ್ ಏನ್ ಹೇಳಿದ್ರು. ಭಕ್ತಿಯಿಂದಲ್ಲ, ಪಕ್ಕದ ಮನೆಯಲ್ಲಿ ಇವತ್ತೇನು ಸಾರು ಎಂದು ಕೇಳಿದಂತೆ, ಅಷ್ಟೇ, ಆದರೆ ಕೇಳದಿದ್ದರೆ ಊಟ ಸೇರದು. ಒಂದು ಭಾನುವಾರ ಆರೋಗ್ಯಮ್ಮ ತಂದ ಸುದ್ದಿ ಇದು, ದೇವರ ಆಜ್ಞೆಗಳು ಎಷ್ಟೋ ಇದ್ದರೂ ದೊಡ್ಡವು ಎರಡೇ ಅಂತೆ, ಮನಸ್ಸನ್ನು ಪೂರ್ತಿ ಇಟ್ಟು ದೇವರನ್ನು ಪ್ರೀತಿಸುವುದು ಒಂದು, ಪಕ್ಕದವರನ್ನು ತನ್ನ ಹಾಗೆಯೇ ಪ್ರೀತಿಸುವುದು ಇನ್ನೊಂದು, ಉಳಿದದ್ದೆಲ್ಲ ಆ ಎರಡರೊಳಗೇ ಬಂತಂತೆ. ಇವಳಿಗೆ ಸೋಜಿಗವಾಯಿತು, ಕಾಯಿ ಬಿಡಿಸುವುದು ನಿಂತಿತು. ಅಪ್ಪಣೆ ಮಾಡಿದರೆ ಪ್ರೀತಿ ಹುಟ್ಟುತ್ತದೆಯೇ, ಅತ್ತೆ ಇದ್ದಾಗ ಎಷ್ಟು ಜನ ಅಪ್ಪಣೆ ಮಾಡಿದರು, ಹುಟ್ಟಿತೇ? ಪಕ್ಕದವರು ಅಂದ್ರೆ ಯಾರು ಆರೋಗ್ಯಮ್ಮ, ಎಷ್ಟನೇ ಮನೆ ತನಕ ಲೆಕ್ಕ, ಎದುರು ಮನೆ ನಂಜಮ್ಮನೂ ಬರ್ತಾಳಾ? ಎಲ್ಲಾರೂ ಬರ್ತಾರೆ ಅಕ್ಕ, ಮೊದ್ಲು ನೀವು, ಗೋಡೆ ಅಂಟ್ಕೊಂಡಿರೋರು. ನನ್ನ ಹಾಗೇ ನಿಮ್ಮನ್ನ ಪ್ರೀತಿ ಮಾಡ್ಬೇಕಂತೆ, ಆದ್ರೆ ಈ ಮಂಡಿ ನೋವು, ಈ ಮರೆವು, ನನಗೆ ನನ್ನ ಕಂಡ್ರೇ ಆಗಲ್ಲ, ಇನ್ನು ನಿಮ್ಮ ಗತಿ ಏನು ಹೇಳಿ. ನಕ್ಕ ನಗುವಿಗೆ ಮೊರ ಮಗುಚಿ ಕಾಳೆಲ್ಲ ಮಣ್ಣುಪಾಲಾಗಿತ್ತು. ಆಮೇಲೆ ಎಷ್ಟೋ ದಿನ ಇವಳು ಅದನ್ನೇ ಯೋಚಿಸಿದ್ದಾಳೆ, ತನ್ನ ಹಾಗೆಯೇ ಎಂದರೆ ಹೇಗೆ, ತನ್ನನ್ನು ತಾನು ಯಾರಾದರೂ ಮುದ್ದು ಮಾಡುತ್ತಾರೆಯೇ, ಇಲ್ಲವಲ್ಲ, ಹಸಿವಾದರೆ ಉಣ್ಣುತ್ತೇವೆ, ಕಾಲು ಹೊಸಿಲಿಗೆ ತಾಗಿದರೆ ಕೈ ತಾನೇ ಹೋಗಿ ಬೆರಳು ಹಿಡಿದುಕೊಳ್ಳುತ್ತದೆ, ತಪ್ಪು ಕಾಲಿನದೋ ಹೊಸಿಲಿನದೋ ಎಂದು ಕೈ ಕೇಳುತ್ತದೆಯೇ, ಕಾಲಿನ ಜೊತೆ ಯಾರಾದರೂ ಮಾತು ಬಿಡುತ್ತಾರೆಯೇ — ಇದು ಈಗ ಹೊಳೆಯಿತು, ಎಷ್ಟು ಚೆನ್ನಾಗಿದೆ, ಆರೋಗ್ಯಮ್ಮನಿಗೆ ಹೇಳಬೇಕಿತ್ತು, ಹೇಳುವಂತಿಲ್ಲ. ಇನ್ನು ಮೊದಲನೆಯ ಆಜ್ಞೆ, ದೇವರನ್ನು ಪ್ರೀತಿಸುವುದು. ಇವಳು ಅಂಗೈಯ ಮೇಲಿನ ಲಿಂಗವನ್ನು ನೋಡಿದಳು. ದಿನವೂ ತೊಳೆದಿದ್ದಾಳೆ, ಒರೆಸಿದ್ದಾಳೆ, ವಿಭೂತಿ ಹಚ್ಚಿದ್ದಾಳೆ, ಜ್ವರ ಬಂದರೂ ಬಿಟ್ಟಿಲ್ಲ, ಹೆದರಿದ್ದಾಳೆ, ಕೇಳಿಕೊಂಡಿದ್ದಾಳೆ, ರಶ್ಮಿಯ ಬಾಣಂತನದಲ್ಲಿ ಬೈದೂ ಇದ್ದಾಳೆ — ಪ್ರೀತಿಸಿದ್ದಾಳೆಯೇ? ಅವ್ವ ಪ್ರೀತಿಸು ಎಂದು ಹೇಳಲೇ ಇಲ್ಲ, ಏಳಬೇಡ ಎಂದು ಮಾತ್ರ ಹೇಳಿದಳು. ಪ್ರಶ್ನೆಯೇ ವಿಚಿತ್ರವಾಗಿತ್ತು, ನಾಲಿಗೆ ಕಚ್ಚಿಕೊಂಡು ಒಂದು ಬಿಲ್ವಪತ್ರೆ ಏರಿಸಿದಳು.

ಟಕ್. ಒಂದೇ. ಸ್ವಲ್ಪ ಬಿಟ್ಟು ಇನ್ನೊಂದು. ಇವಳಿಗೆ ತುಟಿಯಂಚಿನಲ್ಲಿ ನಗು ಬಂತು, ಬರಲಿ, ದೇವರು ನೋಡಿದರೆ ನೋಡಲಿ, ಕೊನೆಗೂ ಅವಳೇ ಮೊದಲು ಬಡಿದಳು, ಜಂಬದ ಹೆಂಗಸು, ಕ್ರಿಸ್‌ಮಸ್ ಹತ್ತಿರ ಬಂತಲ್ಲ, ಕಲ್‌ಕಲ್ಲು ಎಂಬ ಆ ಸಿಹಿ ಕರಿದು ಯಾರಿಗೆ ಕೊಡುತ್ತಾಳೆ, ಇವಳಿಗೆಂದೇ ಮೊಟ್ಟೆ ಹಾಕದೆ ಬೇರೆ ಮಾಡಿ ತೆಗೆದಿಡುತ್ತಿದ್ದಳು ಪಾಪ, ಪ್ರತಿ ವರ್ಷ, ಬಾಣಲೆಯನ್ನೂ ಬೇರೆ ಇಡುತ್ತಿದ್ದಳು. ಸ್ವಲ್ಪ ಕಾಯಲಿ. ವಿಭೂತಿ ಆಗಲಿ, ಆರತಿ ಆಗಲಿ, ಕರಡಿಗೆ ಕಟ್ಟಿ, ಕಾಫಿ ಕುಡಿದು, ನಿಧಾನವಾಗಿ ಹಿತ್ತಲಿಗೆ ಹೋಗಿ, ಏನು ಬಡಿದ ಹಾಗಾಯ್ತಲ್ಲ ಎಂದು ಬಿಗುವಾಗಿ ಕೇಳುವುದು. ಓಂ ನಮಃ ಶಿವಾಯ. ಆದರೆ ಸೌಟಿನ ಸದ್ದು ಹೀಗಿರುವುದಿಲ್ಲ. ಸೌಟು ಕಣಕಣ ಎನ್ನುತ್ತದೆ, ಇದು ಮಂದ, ಮಣ್ಣಿನ ಹೆಂಟೆಯಿಂದ ಬಡಿದಂತೆ. ಸೌಟಿನ ಸದ್ದು ಅಡುಗೆಮನೆಯಲ್ಲಿ ಬರಬೇಕು, ಇದು ಇಲ್ಲಿ, ಈ ಕೋಣೆಯ ಗೋಡೆಯಲ್ಲಿ. ಸೌಟಿನ ಸದ್ದು ನಿಂತವರ ಭುಜದ ಎತ್ತರದಿಂದ ಬರುತ್ತದೆ, ಇದು — ಇವಳು ತಲೆ ವಾಲಿಸಿದಳು — ಟಕ್ — ಇದು ಕೆಳಗೆ, ಮಣೆಯ ಮೇಲೆ ಕಾಲು ಮಡಚಿ ಕೂತ ಇವಳ ಬಲ ಮೊಣಕಾಲಿನ ಪಕ್ಕದಲ್ಲೇ. ಅಷ್ಟು ಕೆಳಗೆ ಯಾರು ಬಡಿಯುತ್ತಾರೆ? ಮಕ್ಕಳು ಬಡಿಯಬಹುದು, ಆ ಮನೆಯಲ್ಲಿ ಮಕ್ಕಳಿಲ್ಲ. ನೆಲದ ಮೇಲೆ ಕೂತವರು ಬಡಿಯಬಹುದು, ಆದರೆ ಆರೋಗ್ಯಮ್ಮ ನೆಲಕ್ಕೆ ಕೂರುವುದಿಲ್ಲ, ಮಂಡಿ ಬಗ್ಗುವುದಿಲ್ಲ, ಪ್ರಾರ್ಥನೆಗೂ ಅವಳಿಗೆ ಕುರ್ಚಿ ಬೇಕು, ನೆಲಕ್ಕೆ ಕೂತ್ರೆ ನನ್ನ ಎತ್ತಕ್ಕೆ ಕ್ರೇನ್ ತರ್ಬೇಕು ಅಕ್ಕ ಎನ್ನುತ್ತಾಳೆ, ಹಾಗಾದರೆ ಅವಳು ನೆಲದ ಮೇಲೆ ಹೇಗೆ — ಆ ಧಡ್ ಎಂದದ್ದು — ಬಿದ್ದದ್ದು ಸಾಮಾನಲ್ಲ, ಅಥವಾ ಸಾಮಾನು ಮಾತ್ರ ಅಲ್ಲ, ಸ್ವಾಮೀ, ಎಷ್ಟು ಹೊತ್ತಾಯಿತು, ಆಗಿನಿಂದ ಅವಳು ಬಡಿಯುತ್ತಲೇ ಇದ್ದಾಳೆ, ಇವಳು ಪ್ರೀತಿಯ ವಿಚಾರ ಮಾಡುತ್ತಾ ಕೂತಿದ್ದಾಳೆ.

ಎದ್ದದ್ದು ಯೋಚನೆಯಲ್ಲ, ಕಾಲು. ಮಣೆ ಮಗುಚಿತು, ನೀರಿನ ಗಿಂಡಿ ಉರುಳಿತು, ಹಿತ್ತಲ ಬಾಗಿಲು, ಬಿಸಿಲು, ದಾಸವಾಳದ ಸಂದು ಇಷ್ಟು ದಿನದಲ್ಲಿ ಎಷ್ಟು ಕೂಡಿಕೊಂಡಿದೆ, ಸೀರೆ ಕೊಂಬೆಗೆ ಸಿಕ್ಕಿ ಪರ್ ಎಂದಿತು, ಹರಿಯಲಿ, ಅವರ ಹಿತ್ತಲ ಬಾಗಿಲು ಹಗಲು ಯಾವತ್ತೂ ಚಿಲಕ ಹಾಕಿರುವುದಿಲ್ಲ, ದೂಡಲು ಕೈಯೆತ್ತಿದರೆ ಎಡಗೈ ಏಳಲಿಲ್ಲ, ಅದು ತಟ್ಟೆ ಹಿಡಿದಂತೆ ಎದೆಯ ಮುಂದೆಯೇ ನಿಂತಿದೆ, ಅದರ ಮೇಲೆ ಲಿಂಗ, ಬಿಲ್ವಪತ್ರೆ ಎಲ್ಲೋ ಬಿದ್ದುಹೋಗಿದೆ. ಪೂಜೆಯ ನಡುವೆ ಎದ್ದಿದ್ದಾಳೆ, ಕರಡಿಗೆ ಅಲ್ಲೇ ಮಣೆಯ ಹತ್ತಿರ ಉಳಿದಿದೆ, ಲಿಂಗವನ್ನು ಬರಿಗೈಯಲ್ಲಿ ಹಿಡಿದು ಬೇಲಿ ದಾಟಿ ಬಂದಿದ್ದಾಳೆ, ಜಾರಿ ಬಿದ್ದಿದ್ದರೆ, ಅವ್ವ, ಹಿಂದಕ್ಕೆ ಹೋಗಿ ಕಟ್ಟಿಕೊಂಡು ಬರಲೇ, ಎಷ್ಟು ಹೊತ್ತಿನ ಕೆಲಸ — ಅಕ್ಕ, ಎಂದಿತು ಒಳಗಿನ ದನಿ, ಬಹಳ ಸಣ್ಣಗೆ. ಇವಳು ಒಳಗೆ ಹೋದಳು. ಆರೋಗ್ಯಮ್ಮ ಗೋಡೆಯುದ್ದಕ್ಕೂ ನೆಲದ ಮೇಲೆ ಬಿದ್ದಿದ್ದಳು, ಅಟ್ಟದ ಮೇಲಿಂದ ಎಳೆದ ಕಬ್ಬಿಣದ ಟ್ರಂಕು ಅವಳ ಜೊತೆಗೇ ಇಳಿದು ಬಂದು ಬಲಗಾಲಿನ ಮೇಲೆ ಕೂತಿತ್ತು, ಸುತ್ತ ಹುಲ್ಲು, ಬಣ್ಣದ ಕಾಗದದ ನಕ್ಷತ್ರ, ಕುರಿ ಕಾಯುವವರ ಗೊಂಬೆಗಳು, ಕ್ರಿಸ್‌ಮಸ್ ಹಬ್ಬಕ್ಕೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು, ಗೋದಲಿಯನ್ನು, ಕಟ್ಟುವ ಸಾಮಾನೆಲ್ಲ, ಅವಳ ಕೈಯಲ್ಲೊಂದು ಸುಣ್ಣದ ಹಸು, ಗೋಡೆಗೆ ಬಡಿದೂ ಬಡಿದೂ ಅದರ ಮುಖವೇ ಇರಲಿಲ್ಲ. ಮೋನಿಕಾ ಸಂಜೆ ಇಳಿಸ್ತೀನಿ ಅಂದ್ಳು ಅಕ್ಕ, ನಾನೇ ಕೇಳ್ಲಿಲ್ಲ, ಎಂದಳು, ತುಟಿ ಬೆಳ್ಳಗಾಗಿತ್ತು. ಇವಳಿಗೆ ಅಳು ಬಂತು, ಬೈಗುಳವೂ ಬಂತು, ಎರಡನ್ನೂ ನುಂಗಿ ಬಲಗೈಯನ್ನು ಟ್ರಂಕಿನ ಹಿಡಿಗೆ ಹಾಕಿ ಎಳೆದಳು, ಅದು ಬೆರಳಿನಷ್ಟು ಎದ್ದು ಮತ್ತೆ ಕೂತಿತು, ಆರೋಗ್ಯಮ್ಮನ ಗಂಟಲಲ್ಲಿ ಏನೋ ಒಂದು ಶಬ್ದವಾಯಿತು. ಒಂದು ಕೈಯ ಕೆಲಸವಲ್ಲ ಇದು. ಬಾಗಿಲಿಗೆ ಹೋಗಿ ಕೂಗಿದಳು, ಬೀದಿಯಲ್ಲಿ ನರಪಿಳ್ಳೆ ಇಲ್ಲ, ಎದುರು ಮನೆಯ ನಂಜಮ್ಮನಿಗೆ ಕಿವಿ ಕೇಳದು, ಓಡಿ ಬಂದಳು. ಲಿಂಗವನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳೋಣವೆಂದರೆ ಗಂಟು ಹಾಕಲು ಎರಡು ಕೈ ಬೇಕು, ರವಿಕೆಯೊಳಗೆ ಇಟ್ಟರೆ ಬಗ್ಗಿದಾಗ ಉರುಳಿ ನೆಲಕ್ಕೇ, ಮಂಚದ ಮೇಲೆ ಇಡುವುದೇ, ಟೇಬಲ್ಲಿನ ಮೇಲೆ ಇಡುವುದೇ, ಬರೀ ಹಲಗೆಯ ಮೇಲೆ ಒಂಟಿಯಾಗಿ, ಹುಟ್ಟಿದಾ­ಗಿನಿಂದ ಒಂದು ಕ್ಷಣ ಮೈ ಬಿಡದ್ದನ್ನು, ಹೇಗೆ, ಎಡಗೈ ಅದಾಗಿಯೇ ಕಲ್ಲಾಗಿ ನಿಂತಿದೆ, ಕಾಲಿನ ಹತ್ತಿರ ರಕ್ತ ಗೆರೆಯಾಗಿ ಹುಲ್ಲಿಗೆ ಇಳಿಯುತ್ತಿದೆ.

ಇಲ್ಲಿ ಕೊಡಿ ಅಕ್ಕ, ನಾನು ಹಿಡ್ಕೊಂಡಿರ್ತೀನಿ. ಯಾರು ಹೇಳಿದ್ದು, ಆರೋಗ್ಯಮ್ಮನೇ, ಇವಳ ಎಡಗೈಯನ್ನೇ ನೋಡುತ್ತಿದ್ದಾಳೆ, ಮುಖವಿಲ್ಲದ ಹಸುವನ್ನು ಬದಿಗಿಟ್ಟು ಬಲ ಅಂಗೈಯನ್ನು ಸೊಂಟದ ಸೀರೆಗೆ ಒರೆಸಿಕೊಂಡಳು, ಸಾಲದೆಂಬಂತೆ ಇನ್ನೊಮ್ಮೆ ಒರೆಸಿಕೊಂಡಳು, ಮಲಗಿದಲ್ಲಿಂದಲೇ ಚಾಚಿದಳು. ಅಂಗೈ. ಪಾತ್ರೆ ತಿಕ್ಕಿದ ಅಂಗೈ, ನಡುವೆ ಹಳೆಯದೊಂದು ಸುಟ್ಟ ಕಲೆ, ಬೆರಳುಗಳ ಬುಡದಲ್ಲಿ ಒಡಕು. ಕೊಡಬಾರದು, ಗಂಡನಿಗೂ ಇಲ್ಲ, ಮಗಳಿಗೂ ಇಲ್ಲ, ಕೊಟ್ಟರೆ ಏನಾಗುತ್ತದೆ, ಏನಾಗುತ್ತದೆಂದು ಯಾರೂ ಹೇಳಿಲ್ಲವಲ್ಲ, ಯಾರೂ ಕೊಟ್ಟು ನೋಡಿಲ್ಲವಲ್ಲ — ಇವಳು ಬಗ್ಗಿ ತನ್ನ ಅಂಗೈಯನ್ನು ಆ ಅಂಗೈಯ ಮೇಲೆ ಮಗುಚಿದಳು, ಒಂದು ಕ್ಷಣ ಎರಡು ಅಂಗೈಗಳ ನಡುವೆ ಇತ್ತು, ಆಮೇಲೆ ಇವಳದು ಬರಿದಾಯಿತು, ಎಷ್ಟು ಹಗುರ, ಎಷ್ಟು ಹೆದರಿಕೆ. ಎರಡೂ ಕೈ ಟ್ರಂಕಿಗೆ. ಎತ್ತಿದಳು. ಎದ್ದಿತು. ಕಾಲು ಎಳೆದುಕೊಳ್ಳಿ ಆರೋಗ್ಯಮ್ಮ, ನಿಧಾನಕ್ಕೆ, ಹಾಂ, ಬಂತು, ಕಾಲು ಬಂತು, ಇನ್ನು ಇಳಿಸಬಹುದು, ಇಳಿಸಿ ಮೋನಿಕಾಗೆ ಫೋನ್ ಮಾಡಬೇಕು, ಆಟೋ ಕರೆಯಬೇಕು, ಗುರುಗಳಿಗೆ ಹೇಳಬೇಕೋ ಬೇಡವೋ, ಹೇಳಿದರೆ ಏನೆನ್ನುತ್ತಾರೋ, ಮತ್ತೆ ದೀಕ್ಷೆ ಮಾಡಿಸು ಎಂದರೆ ಮಾಡಿಸಿದರಾಯಿತು, ಅವ್ವ ಇದ್ದಿದ್ದರೆ — ಆದರೆ ಆ ಅಂಗೈ. ಬೆರಳು ಮಡಚಿಲ್ಲ ಅವಳು. ಮಡಚಿದರೆ ಮುಟ್ಟಿದಂತಾದೀತೆಂದೋ ಏನೋ, ಐದು ಬೆರಳನ್ನೂ ಬಿಡಿಸಿ ಹಿಡಿದಿದ್ದಾಳೆ, ನೋವಿಗೆ ಮೈಯೆಲ್ಲ ಅದುರುತ್ತಿದೆ, ಅಂಗೈ ಅದುರಬಾರದೆಂದು ಇನ್ನೊಂದು ಕೈಯಿಂದ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ, ಕಾಲಿನ ಕಡೆ ನೋಡಲಿಲ್ಲ, ರಕ್ತ ನೋಡಲಿಲ್ಲ, ಅದನ್ನೇ ನೋಡುತ್ತಿದ್ದಾಳೆ. ಬೆಚ್ಚಗಿದೆ ಅಕ್ಕ, ಎಂದಳು. ಟ್ರಂಕು ಇಳಿಸಬೇಕು, ತೋಳು ಸೋಲುತ್ತಿದೆ, ಇಳಿಸಬೇಕು, ಇಳಿಸಿ — ಆ ಅಂಗೈ, ಒಡಕು ಗೆರೆಗಳ ಆ ಅಂಗೈ, ಅದರ ನಡುವೆ ಲಿಂಗ.